ಅತ್ತೆ ಎಳೆದ ಕುಣಿಕೆ

ಉಣ್ಣೆಹಾಸು ಎಳೆಯುವ ಶಿಬಿರದ ಹನ್ನೊಂದು ದಿನ ನಮ್ಮೂರಿನಲ್ಲಿ ಅತ್ತೆ ಸೊಸೆಯರು ಜಗಳ ಆಡುವುದಿಲ್ಲ. ಆಡಿದರೂ ಹಲ್ಲು ಕಚ್ಚಿಕೊಂಡು, ಮುಖದಲ್ಲಿ ನಗು ಇಟ್ಟುಕೊಂಡು, ಸಕ್ಕರೆ ಸವರಿದ ಮಾತಿನಲ್ಲೇ ಆಡುತ್ತಾರೆ. ಯಾಕೆಂದರೆ ಸೊಸೆ ಕೂರಬೇಕಾದ ಉಣ್ಣೆಹಾಸು ಅತ್ತೆಯ ಕೈಯಲ್ಲಿರುತ್ತದೆ, ಅತ್ತೆ ಕೂರಬೇಕಾದದ್ದು ಸೊಸೆಯ ಕೈಯಲ್ಲಿ. ಆ ದಿನಗಳಲ್ಲಿ ಪರಸ್ಥಳದವರು ಯಾರಾದರೂ ನಮ್ಮ ಓಣಿ ಹಾದು ಹೋದರೆ, 'ಆಹಾ, ಎಂಥ ಸಂಸಾರಗಳಪ್ಪಾ ಇವು' ಎಂದು ಹೊಟ್ಟೆ ಉರಿದುಕೊಂಡು ಹೋದಾರು. ಹೋಗಲಿ ಬಿಡಿ, ಅವರಿಗೇನು ಗೊತ್ತು.

ಶಿಬಿರ ಮುಗಿದ ಮೂರನೆಯ ದಿನಕ್ಕೆ ಸಡಿಲು ಎಂದು ಹೆಸರು. ಅವತ್ತು ಸೂರ್ಯ ಹುಟ್ಟಿದಾಗಿನಿಂದ ಮುಳುಗುವ ತನಕ ನೆಲ ನಮ್ಮನ್ನು ಹೊರುವುದಿಲ್ಲ. ಕಪಾಟು, ಬೀಸುವ ಕಲ್ಲು, ಬೆಕ್ಕು, ಎಮ್ಮೆ ಎಲ್ಲವನ್ನೂ ಹೊರುತ್ತದೆ, ಮನುಷ್ಯರನ್ನು ಮಾತ್ರ ಇಲ್ಲ. ಮಂಚದ ಮೇಲೆ ಕೂತರಾಯಿತಲ್ಲ ಎನ್ನುತ್ತೀರಿ, ಗೊತ್ತು. ಮಂಚದ ಸಮೇತ ನೆಲದೊಳಗೆ ಹೋದವರಿದ್ದಾರೆ. ಊರು ಬಿಟ್ಟು ಹೋದರೆ? ಅದೂ ಆಗಿದೆ. ಕಂಟ್ರಾಕ್ಟರ್ ಒಬ್ಬ ಬಹಳ ಜಾಣ, ಆ ದಿನಕ್ಕೆ ಮುನ್ನೂರು ಮೈಲಿ ಆಚೆ ಲಾಡ್ಜಿನಲ್ಲಿ ರೂಮು ಹಿಡಿದ. ವಾರದ ಮೇಲೆ ಅವನ ಚಪ್ಪಲಿಗಳು ಪಾರ್ಸಲ್ಲಿನಲ್ಲಿ ಮನೆಗೆ ಬಂದವು. ಈ ಊರಲ್ಲಿ ಹುಟ್ಟಿದವರನ್ನೂ, ಮದುವೆಯಾಗಿ ಬಂದವರನ್ನೂ ನೆಲ ಎಲ್ಲಿದ್ದರೂ ಗುರುತು ಹಿಡಿಯುತ್ತದೆ.

ಅವತ್ತು ನಮ್ಮನ್ನು ಹೊರುವುದು ಉಣ್ಣೆಹಾಸು ಒಂದೇ. ಗೋಣಿತಟ್ಟನ್ನು ಕಟ್ಟಿಗೆಯ ಚೌಕಟ್ಟಿಗೆ ಬಿಗಿಯಬೇಕು. ಹಳೆಯ ಉಣ್ಣೆ ಬಟ್ಟೆಯನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಬೇಕು. ಪಟ್ಟಿಯನ್ನು ತಟ್ಟಿನ ಅಡಿಗೆ ಎಡಗೈಯಲ್ಲಿ ಹಿಡಿದು, ಮೇಲಿನಿಂದ ಬಲಗೈಯಲ್ಲಿ ಕೊಕ್ಕೆ ತೂರಿಸಿ, ಒಂದೊಂದೇ ಕುಣಿಕೆ ಮೇಲಕ್ಕೆಳೆಯಬೇಕು. ಕುಣಿಕೆಗೆ ಕುಣಿಕೆ ಒತ್ತಿಕೊಂಡಿರಬೇಕು. ಉಣ್ಣೆ ಅಂಗಡಿಯದಾಗಬಾರದು, ಕೂರುವವರೇ ಒಂದು ಚಳಿಗಾಲ ಪೂರ್ತಿ ಮೈಮೇಲೆ ಹಾಕಿಕೊಂಡದ್ದಾಗಿರಬೇಕು. ತಮ್ಮ ಹಾಸನ್ನು ತಾವು ಮಾಡಿಕೊಳ್ಳುವಂತಿಲ್ಲ, ಸಡಿಲಿನ ಬೆಳಗಿನ ತನಕ ಕಣ್ಣಲ್ಲಿ ನೋಡುವಂತೆಯೂ ಇಲ್ಲ. ಇನ್ನು ಎಲ್ಲಕ್ಕಿಂತ ದೊಡ್ಡ ಕಟ್ಟಳೆ, ಕೈಗೆ ಕೈ. ಯಾರಿಗಾದರೂ ಹಾಸು ಮಾಡಿಕೊಟ್ಟವರಿಗೆ ಮಾತ್ರ ಹಾಸು. ಮಾಡುವ ಕೈ ಹೋಯಿತೋ, ಅವರಿಗೆಂದು ಬೇರೆಯವರು ಮಾಡಿಟ್ಟದ್ದನ್ನೂ ಶಿಬಿರದಲ್ಲೇ ಬಿಚ್ಚಿಬಿಡುತ್ತಾರೆ.

ನನ್ನ ಗಂಡ ಅಂದಾನೆಪ್ಪನ ಹಾಸನ್ನು, ಬೇರೆ ಮನೆ ಮಾಡಿಕೊಂಡಿದ್ದ ಅವನ ಅಣ್ಣ ಹುಚ್ಚೀರಪ್ಪ ಮಾಡುತ್ತಿದ್ದ. ಸೋಮಾರಿ ಮನುಷ್ಯ. ಆರು ವರ್ಷದ ಹಿಂದೆ ತಮ್ಮನ ಹಳೆಯ ಸ್ವೆಟರ್ ಅರ್ಧಕ್ಕೇ ಮುಗಿಯಿತೆಂದು, ಉಳಿದದ್ದಕ್ಕೆ ಅಂಗಡಿಯ ಹೊಸ ಉಣ್ಣೆ ತಂದು ಎಳೆದ. ಹಾಸು ನೋಡಲು ಎಷ್ಟು ಚಂದ ಇತ್ತೆಂದರೆ ನನ್ನ ಗಂಡ ಬೆಳಿಗ್ಗೆ ಅದನ್ನು ಬಿಡಿಸಿ, "ನೋಡೇ ಸಾವಂತ್ರೀ, ನಮ್ಮಣ್ಣ ಈ ಸಲ ಮನಸ್ಸು ಕೊಟ್ಟು ಮಾಡ್ಯಾನ" ಅಂದ. ಹನ್ನೊಂದು ಗಂಟೆಗೆ ಚಹಾದ ಕಪ್ಪಿಗೆ ಕೈ ಚಾಚಿದ. ಕಪ್ಪು ಅಲ್ಲೇ ಉಳಿಯಿತು. ನಾನು ನನ್ನ ಹಾಸಿನಿಂದ, ಅತ್ತೆ ಬಾಳವ್ವ ಅವಳ ಹಾಸಿನಿಂದ, ಆ ಕಪ್ಪನ್ನು ಸಂಜೆಯ ತನಕ ನೋಡುತ್ತ ಕೂತಿದ್ದೆವು. ಎದ್ದು ಹೋಗಿ ಅಳಲಿಕ್ಕೂ ಆಗಲಿಲ್ಲ.

ಅಂದಿನಿಂದ ಮನೆಯಲ್ಲಿ ನಾವಿಬ್ಬರೇ. ನನ್ನ ಅತ್ತೆ ಎಂಥವಳು ಅಂತೀರಿ? ಮಾತೆಂದರೆ ಸೂಜಿ. ಹತ್ತೊಂಬತ್ತು ವರ್ಷದಲ್ಲಿ ನಾನು ಮಾಡಿದ ಒಂದು ಸಾರನ್ನೂ ಚಲೋ ಆಗಿದೆ ಎಂದಿಲ್ಲ. ಎದುರು ಮಾತಾಡುವ ಧೈರ್ಯ ನನಗಿಲ್ಲ, ಹಿತ್ತಲಿಗೆ ಹೋಗಿ ಬೇಲಿಯ ಮುಂದೆ ಬೈದು ಬರುತ್ತಿದ್ದೆ. ಆದರೆ ಕೊಕ್ಕೆ ಹಿಡಿದರೆ ಅವಳಂಥವಳು ಇನ್ನೊಬ್ಬಳಿರಲಿಲ್ಲ. ಈ ಮನೆಗೆ ಬಂದಾಗಿನಿಂದ ಅವಳ ಹಾಸಿನ ಮೇಲೆಯೇ ನಾನು ಕಾಲು ಚಾಚಿ, ಕಡಲೆಕಾಯಿ ಸುಲಿದುಕೊಂಡು, ಒಂದು ಸಲವಂತೂ ಗೊರಕೆ ಹೊಡೆದು ಸಡಿಲು ಕಳೆದಿದ್ದೇನೆ. ಹೋದ ವರ್ಷದ ಶಿಬಿರಕ್ಕೂ ಹಾಗೇ ನಿಶ್ಚಿಂತೆಯಿಂದ ಹೋದೆ.

ಶಿಬಿರ ನಡೆಯುವುದು ಹಳೆಯ ಉಣ್ಣೆ ಮಾರುಕಟ್ಟೆಯ ಗೋದಾಮಿನಲ್ಲಿ. ಇನ್ನೂರು ಮುನ್ನೂರು ಜನ, ಹೆಂಗಸರೂ ಗಂಡಸರೂ, ಜೋಡಿ ಜೋಡಿಯಾಗಿ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತೇವೆ, ತಂತಮ್ಮ ಹಾಸು ಕಣ್ಣಿಗೆ ಬೀಳದಿರಲಿ ಎಂದು. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ರೊಟ್ಟಿ ಪಲ್ಯ, ದಿನವಿಡೀ ಕತ್ತರಿಯ ಸದ್ದು, ಉಣ್ಣೆಯ ಧೂಳಿಗೆ ಸೀನು. ಶಂಕ್ರಕ್ಕ ಎಂಬವಳು ಶಿಬಿರದ ಯಜಮಾನಿ. ಅವಳು ಹಾಸುಗಳನ್ನು ನೋಡುವುದಿಲ್ಲ, ಮಾಡಿದವರ ಹೊರತು ಬೇರೆಯವರು ಹಾಸು ನೋಡುವುದು ಶಿಬಿರದಲ್ಲಿ ಮರ್ಯಾದೆಯಲ್ಲ. ಕೊನೆಯ ದಿನ ಒಬ್ಬೊಬ್ಬರ ಮುಂದೆ ನಿಂತು, "ಕೈ ಐತೇನು?" ಎಂದು ಕೇಳುತ್ತಾಳೆ. "ಐತಿ" ಎಂದರೆ ಹಾಸನ್ನು ಚೀಲದಲ್ಲಿ ಹೊಲಿದುಕೊಂಡು ಮನೆಗೆ ಹೋಗಬಹುದು. ಈ ಒಂದು ಮಾತಿನಲ್ಲಿ ಊರಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ.

ಐದನೆಯ ದಿನ ತಾಟು ತೊಳೆಯುವ ಕಡೆ ಪಕ್ಕದ ಮನೆಯ ಫಕೀರವ್ವ ನನ್ನ ಸೆರಗು ಜಗ್ಗಿದಳು. ಫಕೀರವ್ವನ ಬಾಯಿ ಎಂದೂ ಇಷ್ಟು ಸಣ್ಣದಾಗಿದ್ದನ್ನು ನಾನು ನೋಡಿರಲಿಲ್ಲ. "ಸಾವಂತ್ರೀ, ಬೈಬ್ಯಾಡ. ಉಣ್ಣಿ ಉಂಡಿ ಉರುಳಿತು, ತಗೊಳ್ಳಾಕ ಬಗ್ಗಿದೆ, ಕಣ್ಣಿಗೆ ಬಿತ್ತು. ನಿಮ್ಮತ್ತಿ ಕೊಕ್ಕಿ ತೂರಸ್ತಾಳ, ಎಳೀತಾಳ, ಅದರಾಗ ಏನೂ ಬರಂಗಿಲ್ಲ. ಬರೇ ಕೊಕ್ಕಿ ಬರ್ತೈತಿ. ಆಕಿಗೆ ಗೊತ್ತ ಇಲ್ಲ. ನಿನ್ನ ಹಾಸಿನ ಅಂಚಿನ ತುಂಬ ತಟ್ಟು ಕಾಣಸ್ತೈತಿ." "ಯಾರಿಗೂ ಹೇಳಬ್ಯಾಡ ನಮ್ಮವ್ವಾ" ಎಂದೆ. ಯಾಕೆ ಹಾಗೆಂದೆನೋ ದೇವರಿಗೇ ಗೊತ್ತು. ಕೂಗಿ ಹೇಳಬೇಕಾಗಿದ್ದವಳು ನಾನೇ.

ಅವತ್ತಿನಿಂದ ಬೆನ್ನು ಅತ್ತೆಯ ಬೆನ್ನಿಗೆ ತಾಗಿಸಿಕೊಂಡೇ ಕೂತಿರುತ್ತಿದ್ದೆ. ಅವಳ ಭುಜ ಎತ್ತಿದ್ದು, ಇಳಿದದ್ದು ಗೊತ್ತಾಗುತ್ತಿತ್ತು. ಆ ಎಳೆತದಲ್ಲಿ ಕುಣಿಕೆ ಬಂತೋ ಇಲ್ಲವೋ? ಈಗಿನದು ಬಂತೇನೋ? ತಿರುಗಿ ನೋಡಿದರೆ ಹಾಸಿನಲ್ಲಿ ಇರುವಷ್ಟು ಹಿಡಿತವೂ ಹೋಗುತ್ತದೆ, ನೋಡದಿದ್ದರೆ ಜೀವ ನಿಲ್ಲುವುದಿಲ್ಲ. ಕಣ್ಣು ಮುಚ್ಚಿದರೆ ಆ ಚಹಾದ ಕಪ್ಪು. ಶಂಕ್ರಕ್ಕನಿಗೆ ಹೇಳಿದರೆ ನಾನು ಉಳಿಯುತ್ತೇನೆ, ಅದೂ ಗೊತ್ತಿತ್ತು. ಕೈ ಹೋದವರ ಜೋಡಿಗೆಂದು ಶಂಕ್ರಕ್ಕ ಮತ್ತು ಅವಳ ಮೂವರು ತಂಗಿಯರು ಎರಡೇ ದಿನದಲ್ಲಿ ಬೇರೆ ಹಾಸು ಎಳೆದುಕೊಡುತ್ತಾರೆ. ಹೇಳಿದ ಕೂಡಲೇ ನನ್ನ ಮಡಿಲಲ್ಲಿದ್ದ ಅತ್ತೆಯ ಹಾಸನ್ನು ಕಿತ್ತುಕೊಂಡು ಒಂದು ಎಳೆ ಹಿಡಿದು ಜಗ್ಗುತ್ತಾರೆ. ಅದು ಸರಸರ ಬಿಚ್ಚಿಕೊಳ್ಳುತ್ತದೆ, ಒಮ್ಮೆ ಒಬ್ಬ ಮುದುಕನದ್ದು ನೋಡಿದ್ದೇನೆ. ಆ ಮುದುಕ ಅಲ್ಲೇ ನಿಂತು, ಬಿದ್ದ ಪಟ್ಟಿಗಳನ್ನು ಒಂದೊಂದಾಗಿ ಸುತ್ತಿ ಜೇಬಿಗೆ ಹಾಕಿಕೊಳ್ಳುತ್ತಿದ್ದ.

ಒಂಬತ್ತನೆಯ ದಿನ ಊಟದ ಹೊತ್ತಿನಲ್ಲಿ ಎಲ್ಲರೂ ಹೊರಗೆ ಹೋದರು. ನಾನು ಬೆನ್ನು ತಿರುಗಿಸದೆಯೇ ಕೇಳಿದೆ. "ಅತ್ತೀ, ನಿಮಗ ಕಣ್ಣು ಕಾಣಸ್ತಾವೇನ್ರಿ?" "ಯಾವ ರಂಡಿ ಹೇಳಿದ್ಲು? ನೀ ತೊಟ್ಟಿಲದಾಗ ಇದ್ದಾಗಿಂದ ಕೊಕ್ಕಿ ಹಿಡದೇನಿ ನಾ" ಎಂದು ಶುರು ಮಾಡಿದವಳು ಅರ್ಧಕ್ಕೇ ನಿಂತಳು. ಆಮೇಲೆ ಸಣ್ಣ ಧ್ವನಿಯಲ್ಲಿ, "ದೀಪಾವಳಿಯಿಂದ ಕಾಣವಲ್ದು. ಬೆರಳೂ ಮರಗಟ್ಯಾವ. ಕೊಕ್ಕಿ ತುದ್ಯಾಗ ಉಣ್ಣಿ ಐತೋ ಇಲ್ಲೋ ತಿಳಿಯಂಗಿಲ್ಲ. ಎರಡು ದಿನ ತಡಿ. ಶಂಕ್ರಿ ಬಂದು ಕೇಳಿದಾಗ ನಾನ ಹೇಳ್ತೀನಿ, ಇಲ್ಲ ಅಂತ. ನಿನಗ ಬ್ಯಾರೆ ಹಾಸು ಮಾಡಿ ಕೊಡ್ತಾರ" ಅಂದಳು. "ಮತ್ತ ನೀವು?" ಅಂದೆ. "ನನಗ ಎಪ್ಪತ್ತೆರಡಾತು" ಎಂದಳು, ಅದೇ ಉತ್ತರ ಎನ್ನುವಂತೆ. ಅವಳ ಬೆನ್ನು ನಡುಗುತ್ತಿತ್ತು. ಹತ್ತೊಂಬತ್ತು ವರ್ಷ ನನ್ನನ್ನು ನಡುಗಿಸಿದ ಬೆನ್ನು ಅದು.

ಸತ್ಯ ಹೇಳಿಬಿಡುತ್ತೇನೆ, ನನಗೆ ಆಗ ಆದದ್ದು ಸಮಾಧಾನ. ಸದ್ಯ, ನಾನು ಹೇಳಬೇಕಾಗಿಲ್ಲ, ಅವಳೇ ಹೇಳುತ್ತಾಳೆ. ಎರಡು ದಿನ ಆ ಸಮಾಧಾನವನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವಳ ಹಾಸನ್ನು ಮುಗಿಸಿದೆ. ಬಿಚ್ಚಿಹೋಗುವ ಹಾಸು ಎಂದು ಗೊತ್ತಿದ್ದೂ ಕೈ ಸುಮ್ಮನಿರಲಿಲ್ಲ, ಅವಳ ಕಂದು ಶಾಲಿನ ಪಟ್ಟಿಗಳನ್ನು ಒತ್ತೊತ್ತಾಗಿ ಎಳೆಯಿತು. ಅಷ್ಟು ಚಂದದ ಹಾಸು ನಾನು ಎಂದೂ ಮಾಡಿರಲಿಲ್ಲ.

ಹನ್ನೊಂದನೆಯ ದಿನ ಶಂಕ್ರಕ್ಕ ಸಾಲಿನಲ್ಲಿ ಬಂದಳು. "ಕೈ ಐತೇನು?" "ಐತಿ." "ಕೈ ಐತೇನು?" "ಐತ್ರಿ." ಫಕೀರವ್ವ ತನ್ನ ಸರದಿಗೆ ಉತ್ತರ ಕೊಟ್ಟು ನನ್ನನ್ನು ನೋಡಿ, ನೆಲ ನೋಡಿದಳು. ಶಂಕ್ರಕ್ಕ ಅತ್ತೆಯ ಮುಂದೆ ನಿಂತಳು. "ಬಾಳವ್ವತ್ತಿ, ಕೈ ಐತೇನು?" ಅತ್ತೆ ಬಾಯಿ ತೆರೆದದ್ದು ನನ್ನ ಬೆನ್ನಿಗೆ ಗೊತ್ತಾಯಿತು. ಅಷ್ಟರಲ್ಲಿ ನನ್ನ ಬಾಯಿ, "ಐತ್ರಿ, ಐತಿ. ಎಲ್ಲಿ ಹೋಗ್ತೈತಿ ಆಕಿ ಕೈ" ಎಂದಿತು. ಧೈರ್ಯ ಅಂತ ತಿಳಿದುಕೊಳ್ಳಬೇಡಿ. ಶಂಕ್ರಕ್ಕನ ಬೆರಳು ಆ ಕಂದು ಹಾಸಿನ ಎಳೆ ಹಿಡಿಯುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೆ. ಶಂಕ್ರಕ್ಕ ಮುಂದೆ ಹೋದಳು.

ಮನೆಗೆ ಬರುವ ದಾರಿಯಲ್ಲಿ ಅತ್ತೆ ಬಾಯಿಗೆ ಬಂದಂತೆ ಬೈದಳು. "ಹುಚ್ಚಿ ಅದೀ ನೀ. ಬರೇ ತಟ್ಟಿನ ಮ್ಯಾಲ ಕುಂದ್ರತೀಯೇನು? ನಿಮ್ಮವ್ವ ನಿನಗ ಇಷ್ಟ ಬುದ್ಧಿ ಕಲಿಸಿದ್ಲೇನು?" ಬೈಯುತ್ತಲೇ ನನ್ನ ರಟ್ಟೆ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ತಿರುಗಿ ಹೋಗಿ ಹೇಳೋಣ ಎಂದು ಅವಳೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಅವಳಿಗೂ ಬದುಕಬೇಕಿತ್ತು.

ಸಡಿಲಿನ ಬೆಳಿಗ್ಗೆ ಇನ್ನೂ ಮಬ್ಬಿರುವಾಗಲೇ ಪಡಸಾಲೆಯಲ್ಲಿ ಚೀಲ ಬಿಚ್ಚಿದೆ. ಫಕೀರವ್ವ ಹೇಳಿದ್ದು ನಿಜ. ನಾಲ್ಕೂ ಅಂಚು ಬೋಳು, ಅಲ್ಲಲ್ಲಿ ಒಂದೊಂದು ಕುಣಿಕೆ ದಿಕ್ಕು ತಪ್ಪಿ ನಿಂತಿದೆ. ಆದರೆ ನಡುವೆ ಒಂದು ಮೊರದಷ್ಟು ಜಾಗದಲ್ಲಿ ನನ್ನ ಹಳೆಯ ಹಸಿರು ಸ್ವೆಟರಿನ ಕುಣಿಕೆಗಳು ಒಂದರ ಮೇಲೊಂದು ಏರಿ, ಗಂಟು ಗಂಟಾಗಿ, ಬೆರಳು ಹೋಗದಷ್ಟು ದಟ್ಟವಾಗಿದ್ದವು. "ಅಂಚು ಸಿಗಲಿಲ್ಲ ನನಗ" ಎಂದಳು ಅತ್ತೆ. "ಕಡೀ ಎರಡು ದಿನ ನಡುವ ಅಂಗೈ ಇಟ್ಟು, ಅದರ ಸುತ್ತ ಎಳದೆ. ಎಳದದ್ದನ್ನ ಹಲ್ಲಿಲೆ ಹಿಡದು ನೋಡೀನಿ, ಉಣ್ಣಿ ಬಂದೈತಿ. ಮಂಡಿ ಎದಿಗೆ ಹಚ್ಚಿ ಕುಂದ್ರು. ಕಾಲು ಚಾಚಬ್ಯಾಡ. ನಿದ್ದಿ ಮಾಡಬ್ಯಾಡ." ಮೊರದಷ್ಟು ಜಾಗ, ಹನ್ನೆರಡು ತಾಸು. ನಾನು ಮಂಡಿ ತಬ್ಬಿಕೊಂಡು ಕೂತೆ. ನಾಲ್ಕು ಮೊಳದಾಚೆ ಅತ್ತೆ ತನ್ನ ಕಂದು ಹಾಸಿನ ಮೇಲೆ ಕೂತಳು.

ಸೂರ್ಯ ಹುಟ್ಟಿದ್ದು ಕಾಣಿಸುವ ಮೊದಲೇ ಗೊತ್ತಾಗುತ್ತದೆ. ನೆಲ ಕಾಯಿಸಿದ ಹಾಲಿನ ಕೆನೆಯ ಹಾಗೆ ಒಮ್ಮೆ ಸಣ್ಣಗೆ ಅಲುಗುತ್ತದೆ. ಪ್ರತಿ ವರ್ಷವೂ ಅಲುಗಿತ್ತು, ನಾನು ಲಕ್ಷ್ಯ ಕೊಟ್ಟಿರಲಿಲ್ಲ. ಈ ಸಲ ನನ್ನ ಹಾಸಿನ ಬೋಳು ಅಂಚು ಮೆಲ್ಲಗೆ ಕೆಳಗೆ ಜಗ್ಗಿ, ಅಲ್ಲೇ ನಿಂತಿತು. ನಾನು ಕಿಟಾರನೆ ಕಿರುಚಿದೆ. "ಅದೀಯೇನು?" ಎಂದಳು ಅತ್ತೆ. "ಅದೀನ್ರಿ." "ಕೇಳಿಲ್ಲೆ, ನನಗ ನೀ ಕಾಣಂಗಿಲ್ಲ. ನಾ ಮಾತಾಡ್ತಿರತೀನಿ. ನೀ ಎದುರು ಮಾತಾಡಬೇಕು. ಸುಮ್ಮನಾದ್ರ ಹೋದಿ ಅಂತ ತಿಳೀತೀನಿ."

ಹೀಗೆ ಶುರುವಾಯಿತು. ಅತ್ತೆಗೆ ಮಾತಿಗೇನು ಬರ. ನನ್ನ ಸಾರು, ನನ್ನ ರೊಟ್ಟಿ, ನಾನು ಕಸ ಗುಡಿಸುವ ರೀತಿ, ನನ್ನ ತವರಿನವರ ಮೂಗು. "ನಿಮ್ಮಪ್ಪ ಮದುವ್ಯಾಗ ಕೊಟ್ಟ ಹಿತ್ತಾಳಿ ಕೊಡ ಮೊದಲನೇ ದಿನಾನ ಸೋರ್ತು." "ಸೋರಿದ್ದಲ್ರಿ, ನೀವು ಬಾವಿ ಕಟ್ಟಿಗೆ ಬಡದು ತೂತು ಮಾಡಿದ್ರಿ, ನಾ ಕಣ್ಣಾರೆ ನೋಡೇನಿ!" ಅತ್ತೆ, "ನೋಡಿದಾಕಿ ಇಷ್ಟು ವರ್ಷ ಯಾಕ ಬಾಯಿ ಮುಚ್ಚಿಕೊಂಡಿದ್ದಿ ಬೋಸುಡಿ?" ಎಂದು ಕೇಳಿದಳು. ಬೇಲಿಯ ಮುಂದೆ ಬೈದದ್ದನ್ನೆಲ್ಲ ನಾನು ಒಂದೊಂದಾಗಿ ಅವಳ ಮುಂದೆ ಬೈದೆ. ಅಂದಾನೆಪ್ಪನ ಹಾಸಿನ ವಿಷಯದಲ್ಲಿ ಹುಚ್ಚೀರಪ್ಪನನ್ನು ನಂಬಿದವಳು ನೀನೇ ಎಂದೆ. ಅದನ್ನು ಅನ್ನಬಾರದಿತ್ತು. ಅವಳು, "ಹೌದು, ನಾನ ನಂಬಿದೆ" ಎಂದಳು. ನಾವಿಬ್ಬರೂ ಮೊದಲ ಸಲ ಅವನಿಗಾಗಿ ಒಟ್ಟಿಗೆ ಅತ್ತೆವು, ಕದಲದೆ, ಮೂಗು ಒರೆಸಿಕೊಳ್ಳಲೂ ಹೆದರಿ.

ಮಧ್ಯಾಹ್ನದ ಹೊತ್ತಿಗೆ ನನ್ನ ಕಾಲು ನನ್ನವಾಗಿರಲಿಲ್ಲ. ಜೋಮು ಹಿಡಿದು, ಸೊಂಟ ಕಿತ್ತು ಬಂದು, ಬೆವರು ಕಣ್ಣಿಗಿಳಿಯುತ್ತಿತ್ತು. ನೀರಿನ ತಂಬಿಗೆ ಒಂದು ಮೊಳ ದೂರದಲ್ಲಿತ್ತು. ಅದರತ್ತ ನೋಡಲೂ ಇಲ್ಲ. ಗಂಟಲು ಒಣಗಿ ನನ್ನ ಬೈಗುಳ ಬರೀ ಗಾಳಿಯಾಗಿ ಬರತೊಡಗಿತು. ನಾಲ್ಕು ಗಂಟೆ ಆಗಿರಬೇಕು. ಎಡಗಾಲು ನನಗೆ ತಿಳಿಯದಂತೆಯೇ ಜಾರಿತು. ಹಿಮ್ಮಡಿ ಬೋಳು ತಟ್ಟಿನ ಮೇಲೆ ಬಿತ್ತು, ತಟ್ಟಿನ ಸಮೇತ ಕೆಳಗಿಳಿಯಿತು. ಅಲ್ಲಿ ನೀರಿಲ್ಲ, ಮಣ್ಣಿಲ್ಲ, ತಳ ಎಂಬುದೇ ಇಲ್ಲ. ಯಾರೋ ಬಹಳ ತಾಳ್ಮೆಯಿಂದ ಹಿಮ್ಮಡಿ ಹಿಡಿದುಕೊಂಡ ಹಾಗೆ ತಣ್ಣಗಿತ್ತು. ಎರಡೂ ಕೈಯಲ್ಲಿ ಮಂಡಿ ಹಿಡಿದು ಮೇಲಕ್ಕೆಳೆಯತೊಡಗಿದೆ. ಬಾಯಿ ತೆರೆದರೆ ಬಿಗಿ ಹಿಡಿದ ಉಸಿರು ಹೋಗುತ್ತದೆ, ಉಸಿರು ಹೋದರೆ ಕಾಲು ಹೋಗುತ್ತದೆ.

"ಅದೀಯೇನು?" ಎಂದಳು ಅತ್ತೆ. ನಾನು ಎಳೆಯುತ್ತಿದ್ದೆ. "ಸಾವಂತ್ರೀ, ಅದೀಯೇನು?" ಕಾಲು ಒಂದು ಗೇಣು ಮೇಲೆ ಬಂತು. "ಯವ್ವಾ? ಏ ಯವ್ವಾ?" ಆ ಧ್ವನಿಯನ್ನು ನಾನು ಈ ಜನ್ಮದಲ್ಲಿ ಕೇಳಿರಲಿಲ್ಲ. ಅಂದಾನೆಪ್ಪ ಹೋದ ದಿನವೂ ಅವಳು ಹಾಗೆ ಕರೆದಿರಲಿಲ್ಲ. ನೋಡುತ್ತೇನೆ, ಅವಳು ತನ್ನ ಹಾಸಿನ ತುದಿಗೆ ಬಂದು ಬಗ್ಗಿದ್ದಾಳೆ, ಬಲಗೈ ಮುಂದೆ ಚಾಚಿ ನನ್ನನ್ನು ತಡಕುತ್ತಿದ್ದಾಳೆ, ಬೆರಳುಗಳು ಬರಿಯ ನೆಲಕ್ಕೆ ಇಳಿಯುತ್ತಿವೆ. ಹಿಮ್ಮಡಿ ಬಿಡಿಸಿಕೊಂಡು ಮೇಲೆ ಬಂತು. "ಕೈ ತಗೀ ಮುದುಕೀ! ಅದೀನಿ! ಸತ್ತಿಲ್ಲ ನಾ, ಅದೀನಿ!" ಎಂದು ಚೀರಿದೆ. ಅವಳು ಸರಕ್ಕನೆ ಕೈ ಹಿಂದಕ್ಕೆಳೆದುಕೊಂಡು ಎದೆಗೆ ಒತ್ತಿಕೊಂಡಳು. "ಹಂಗ ಬೈ. ನಿಲ್ಲಿಸಬ್ಯಾಡ" ಎಂದಳು. ನೋವಾಯಿತು ಎಂದು ಹೇಳಲಿಲ್ಲ. ಹೊತ್ತು ಮುಳುಗಿ, ನೆಲ ಗಟ್ಟಿಯಾದ ಮೇಲೆ ನಾನು ತೆವಳಿಕೊಂಡು ಹೋಗಿ ಆ ಕೈ ಬಿಡಿಸಿ ನೋಡಿದೆ. ಹೆಬ್ಬೆರಳು, ಕಿರುಬೆರಳು ಇದ್ದವು. ನಡುವಿನ ಮೂರು ಇರಲಿಲ್ಲ. ರಕ್ತ ಇಲ್ಲ, ಗಾಯ ಇಲ್ಲ, ಹುಟ್ಟುವಾಗಲೇ ಇರಲಿಲ್ಲವೇನೋ ಎನ್ನುವಷ್ಟು ನುಣುಪು. ಅವಳ ಮಡಿಲಲ್ಲಿ ತಲೆಯಿಟ್ಟು ನಾನು ಅತ್ತದ್ದು ಓಣಿಗೆಲ್ಲ ಕೇಳಿತಂತೆ.

ಅದು ಹೋದ ವರ್ಷ. ಇವತ್ತು ಈ ವರ್ಷದ ಶಿಬಿರದ ಮೊದಲ ದಿನ. ಬೆಳಿಗ್ಗೆ ಹೆಸರು ಬರೆಸುವಾಗ ಶಂಕ್ರಕ್ಕ ಅತ್ತೆಯ ಬಲಗೈ ನೋಡಿದಳು, ನನ್ನ ಮುಖ ನೋಡಿದಳು, ಪೆನ್ನು ಕೆಳಗಿಟ್ಟಳು. ಅತ್ತೆ ಎಡಗೈ ಎತ್ತಿ ತೋರಿಸಿ, "ಇದೇನು ಕಾಲೇನ?" ಎಂದಳು. ಎಡಗೈಯ ಬಗ್ಗೆ ಕಟ್ಟಳೆಯಲ್ಲಿ ಏನೂ ಇಲ್ಲವಂತೆ. ಶಂಕ್ರಕ್ಕ ಹೆಸರು ಬರೆದುಕೊಂಡಳು.

ಈಗ ಎಲ್ಲರೂ ಊಟಕ್ಕೆ ಹೋಗಿದ್ದಾರೆ. ನಾವು ಎದ್ದಿಲ್ಲ. ಬಲಗೈಯ ಎರಡು ಬೆರಳಲ್ಲಿ ತಟ್ಟಿನಡಿಗೆ ಪಟ್ಟಿ ಹಿಡಿದು, ಎಡಗೈಯಲ್ಲಿ ಕೊಕ್ಕೆ ಹಿಡಿದು ಅತ್ತೆ ಕೂತಿದ್ದಾಳೆ. ನಾನು ಅವಳಿಗೆ ಬೆನ್ನು ಕೊಟ್ಟು ಕಿವಿಗೊಟ್ಟಿದ್ದೇನೆ. ಉಣ್ಣೆ ಬಂದರೆ ಗೋಣಿ ಕರ್ ಎನ್ನುತ್ತದೆ, ಬರದಿದ್ದರೆ ಏನೂ ಅನ್ನುವುದಿಲ್ಲ. ಏನೂ ಅನ್ನದಿದ್ದಾಗ ನಾನು, "ಬರಲಿಲ್ಲ, ಮತ್ತ ಹಾಕು, ಕುರುಡೀ" ಎನ್ನುತ್ತೇನೆ. ಅವಳು ನನ್ನ ಇಡೀ ವಂಶವನ್ನು ಬೈದು ಮತ್ತೆ ಹಾಕುತ್ತಾಳೆ. ನನ್ನ ಮಡಿಲಲ್ಲಿರುವ ಅವಳ ಹಾಸಿನ ಮೇಲೆ ನಾನಿನ್ನೂ ಕೊಕ್ಕೆಯನ್ನೇ ಇಟ್ಟಿಲ್ಲ. ಮೊರದಷ್ಟು ಜಾಗಕ್ಕೆ ಕಡಿಮೆ ಎಂದರೂ ಎರಡು ಸಾವಿರ ಕುಣಿಕೆ ಬೇಕು. ಬೆಳಗಿನಿಂದ ಹನ್ನೊಂದು ಆಗಿವೆ.